ಮೂರು ತಿಂಗಳ ಗಾಳಿ

ಮಾನ್ಯ ಸಂಚಾರ ಪೊಲೀಸ್ ಅಧಿಕಾರಿಗಳಿಗೆ,

ದೊಡ್ಡ ವೃತ್ತದಲ್ಲಿ ಒಂಬತ್ತು ವರ್ಷಗಳಿಂದ ನಿಂತಿರುವ ನಿಮ್ಮ ಪೇದೆಯ ತಂದೆ ನಾನು, ನಿವೃತ್ತ ಗ್ರಂಥಪಾಲಕ. ಅಲ್ಲಿನ ಹೊಗೆಯ ಬಗ್ಗೆ ಹಿಂದೆ ನಾಲ್ಕು ಪತ್ರ ಬರೆದಿದ್ದೆ. 'ಮಾಸ್ಕ್ ಕೊಡಲಾಗಿದೆ' ಎಂದು ನಾಲ್ಕಕ್ಕೂ ಒಂದೇ ಉತ್ತರ ಬಂತು. ಸೀಟಿ ಊದಬೇಕಾದರೆ ಮಾಸ್ಕನ್ನು ಗದ್ದಕ್ಕಿಳಿಸಬೇಕೆಂಬುದು ನಿಮ್ಮ ಕಚೇರಿಯಲ್ಲಿ ಯಾರಿಗೂ ಹೊಳೆದಂತಿಲ್ಲ.

ಮಗನಿಗೆ ಮಕ್ಕಳಾಗಿಲ್ಲ. ಆರು ವರ್ಷ ಸೊಸೆಯನ್ನೇ ಆಸ್ಪತ್ರೆಗೆ ಅಲೆಸಿದೆವು. ಇಷ್ಟು ಓದಿಯೂ ನಾನು ಬಾಯಿ ಮುಚ್ಚಿಕೊಂಡಿದ್ದೆ. ಕಳೆದ ವಾರ ಕೊನೆಗೂ ಮಗನ ವೀರ್ಯ ಪರೀಕ್ಷೆಯಾಯಿತು. ವೈದ್ಯೆ ನಮ್ಮ ಮೂವರನ್ನೂ ಸೂಕ್ಷ್ಮದರ್ಶಕದ ಪರದೆಯ ಮುಂದೆ ಕೂರಿಸಿದರು.

"ನನ್ನ ಸರ್ಕಲ್ ಇಷ್ಟು ಖಾಲಿ ಯಾವತ್ತೂ ಇರ್ಲಿಲ್ಲಪ್ಪ," ಎಂದು ಮಗ ನಗಲು ನೋಡಿದ.

"ಸುಮ್ನಿರಿ, ಅಲ್ಲೊಬ್ಬ ಹೊರಟಿದಾನೆ ನೋಡಿ," ಎಂದಳು ಸೊಸೆ.

ಚುಕ್ಕಿಯಷ್ಟು ಜೀವವೊಂದು ಬಾಲ ಬಡಿಯುತ್ತಾ ಪರದೆ ದಾಟುತ್ತಿತ್ತು. ನಾನೂ ಒಂದು ದಿನ ಹೀಗೇ ಹೊರಟವನಲ್ಲವೇ ಎನಿಸಿ, ಗೊತ್ತಿಲ್ಲದೆಯೇ ಎದ್ದು ನಿಂತಿದ್ದೆ.

ಹೊಗೆಯೊಂದೇ ಕಾರಣವೆಂದು ವೈದ್ಯೆ ಹೇಳಲಿಲ್ಲ, ಅದರಿಂದ ಹಾನಿಯಿದೆ ಎಂದರು. ಆದರೆ ದೇಹ ಸುಮಾರು ಮೂರು ತಿಂಗಳಲ್ಲಿ ಈ ವೀರ್ಯಾಣುಗಳನ್ನೆಲ್ಲ ಹೊಸದಾಗಿ ಮಾಡಿಕೊಳ್ಳುತ್ತದಂತೆ, ಯಾರ ಆದೇಶಕ್ಕೂ ಕಾಯದೆ! ಅಂದಿನಿಂದ ನನಗೆ ಅದೇ ಬೆರಗು.

ಆದ್ದರಿಂದ ಮಗನಿಗೆ ಮೂರು ತಿಂಗಳು ಕಚೇರಿಯೊಳಗಿನ ಕೆಲಸ ಕೊಡಿ. ಅವನ ಜಾಗಕ್ಕೆ ಬರುವವನೂ ಯಾರದೋ ಮಗನೇ. ಅವನನ್ನೂ ಒಂಬತ್ತು ವರ್ಷ ಅಲ್ಲೇ ನಿಲ್ಲಿಸಬೇಡಿ.

ಈ ಸಲ ಉತ್ತರ ಬರೆಯುವ ಮೊದಲು ದಯವಿಟ್ಟು ಮಾಸ್ಕ್ ಹಾಕಿಕೊಂಡು ಒಮ್ಮೆ ಸೀಟಿ ಊದಿ ನೋಡಿ.

ಇತಿ,
ಅಜ್ಜನಾಗಲು ಕಾದಿರುವ ನಿಮ್ಮ ಹಳೆಯ ದೂರುದಾರ