ಒಲೆಯ ಬೂದಿಗೂ ನಿಮ್ಮ ಅಪ್ಪಣೆ ಬೇಕೆ?

ನಗರಸಭೆಯ ಮುಖ್ಯಾಧಿಕಾರಿಗಳೇ,

ನಿಮ್ಮ ಬೂದಿ ನಿಷೇಧ ನನ್ನ ತಾಯಿ ಝ್ಲಾತಿನಾಳನ್ನು ಕೊಂದಿತು. ಬೀದಿಯಲ್ಲಿ ಹಿಮ ಗಟ್ಟಿಯಾದರೆ ಏನು ಮಾಡಬೇಕೆಂದು ಈ ಗುಡ್ಡದ ಊರಿಗೆ ಗೊತ್ತಿತ್ತು. ಬೆಳಿಗ್ಗೆ ಒಲೆಯ ಬೂದಿ ತಂದು ಬಾಗಿಲ ಮುಂದೆ ಎರಚುತ್ತಿದ್ದೆವು. ಹೋದ ವರ್ಷ ನೀವು ನುಣುಪು ಕಲ್ಲು ಹಾಸಿಸಿದಿರಿ, ಬೂದಿಯಿಂದ ಅದರ ಅಂದ ಕೆಡುತ್ತದೆ, ಎರಚಬಾರದು ಎಂದು ಫಲಕ ಹಾಕಿಸಿದಿರಿ. ಬದಲಿಗೆ ಮರಳು ಹಾಕಿಸುತ್ತೇವೆ ಎಂದಿರಿ. ಆ ಮರಳು ನಿಮ್ಮ ಕಚೇರಿಯ ಮೆಟ್ಟಿಲು ದಾಟಿ ಬಂದದ್ದನ್ನು ಕಂಡವರುಂಟೇ? ಬೇಸಿಗೆಯ ಪ್ರವಾಸಿಗಳು ಮೆಚ್ಚುವ ಕಲ್ಲಿನ ಮೇಲೆ ಚಳಿಗಾಲದಲ್ಲಿ ನಡೆಯುವವರು ನಾವೆಂಬುದು ತಮ್ಮ ಘನ ಗಮನಕ್ಕೆ ಬರಲಿಲ್ಲವೇ?

ಜನವರಿಯ ಒಂದು ಬೆಳಿಗ್ಗೆ ನನ್ನ ಮಗಳು ಕಾಲಿನಾ ಪರೀಕ್ಷೆಗೆ ಹೊರಟಳು. ಹೊರಟವರ ದಾರಿಗೆ ತಾಮ್ರದ ತಂಬಿಗೆಯಿಂದ ನೀರು ಚೆಲ್ಲುವುದು ಬಲ್ಗೇರಿಯಾದ ಮನೆಮನೆಯ ರೂಢಿ. ನಿಮಗೂ ಯಾರೋ ಚೆಲ್ಲಿರಬೇಕು, ಇಲ್ಲದಿದ್ದರೆ ಆ ಕುರ್ಚಿ ಸಿಗುತ್ತಿತ್ತೇ?

“ಅಜ್ಜಿ, ಈ ಚಳೀಲಿ ಬೇಡ.”

“ಸುಮ್ನೆ ನಡಿಯೇ. ನೀರು ಹರಿದಂಗೆ ನಿನ್ ಕೆಲ್ಸ ಸಲೀಸಾಗ್ಲಿ,” ಎಂದು ಅಮ್ಮ ಅವಳ ಹಿಂದೆ ನೀರು ಚೆಲ್ಲಿದಳು.

ಹೋದವರು ತಿರುವಿನಲ್ಲಿ ಮರೆಯಾದ ಮೇಲೆ ಒದ್ದೆಯಾದಲ್ಲಿ ಬೂದಿ ಎರಚುವುದು ಅಮ್ಮನ ಜೀವಮಾನದ ಅಭ್ಯಾಸ. ಬೂದಿಯ ಬಕೆಟ್ ಬಾಗಿಲ ಬಳಿಯೇ ಇತ್ತು.

“ಹಾಕಮ್ಮ, ಯಾರು ನೋಡ್ತಾರೆ?” ಎಂದೆ.

“ಬೋರ್ಡು ಹಾಕಿದಾರಲ್ಲೇ. ಈ ವಯಸ್ಸಲ್ಲಿ ಅವ್ರು ನನ್ನನ್ನ ಕಚೇರಿಗೆ ಎಳೀಬೇಕಾ?” ಎಂದು ಬಕೆಟ್ಟನ್ನು ಒಳಗಿಟ್ಟಳು.

ಸ್ವಲ್ಪ ಹೊತ್ತಿಗೆ ಬ್ರೆಡ್ ತರಲು ಹೊರಟವಳು ತಾನೇ ಚೆಲ್ಲಿದ ನೀರಿನ ಮೇಲೆ ಜಾರಿದಳು. ಅದಾಗಲೇ ಹೆಪ್ಪುಗಟ್ಟಿ ಮಂಜುಗಡ್ಡೆಯಾಗಿತ್ತು. ಸೊಂಟ ಮುರಿಯಿತು. ಮಲಗಿದಲ್ಲೇ ನ್ಯುಮೋನಿಯಾ ಹಿಡಿದು ನಿನ್ನೆ ತೀರಿಕೊಂಡಳು. ಊರಿನಲ್ಲಿ ನಿಮ್ಮ ಮಾತನ್ನು ಅಕ್ಷರಶಃ ಪಾಲಿಸಿದವಳು ಅವಳೊಬ್ಬಳೇ ಇರಬೇಕು. ಅಳುವುದಕ್ಕೂ ಬಿಡದಷ್ಟು ಸಿಟ್ಟು ನನಗೆ ಬಂದಿದೆ.

ಅವಳು ಆಸ್ಪತ್ರೆಯಲ್ಲಿದ್ದಾಗ ದೂರು ಕೊಡಲು ಬಂದೆ. ನಿಮ್ಮ ಇನ್ಸ್‌ಪೆಕ್ಟರ್ ತಲೆಯೆತ್ತದೆ ಕೇಳಿದರು: “ನೀರು ಚೆಲ್ಲಿದ್ದು ಯಾರಮ್ಮ?”

“ನಮ್ಮಮ್ಮ.”

“ಮತ್ತೆ ನಮ್ಮದೇನಿದೆ ಇದ್ರಲ್ಲಿ?”

ನೀರು ಅವಳದೇ, ಒಪ್ಪಿದೆ. ಬೂದಿಯನ್ನು ಅವಳ ಕೈಯಿಂದ ಬಿಡಿಸಿದವರು ಯಾರು ಸ್ವಾಮಿ? ಹೆದರಿಸಲು ನಿಮ್ಮ ಫಲಕ ಬೇಗ ಬಂತು, ಕಾಪಾಡಲು ಮರಳು ಏಕೆ ಬರಲಿಲ್ಲ?

ನಾಳೆ ನೆರೆಯವರು ಅವಳ ಶವಪೆಟ್ಟಿಗೆ ಹೊತ್ತು ಅದೇ ಇಳಿಜಾರಿನಲ್ಲಿ ಚರ್ಚಿಗೆ ಇಳಿಯುತ್ತಾರೆ. ಅವರಲ್ಲಿ ಹೆಚ್ಚಿನವರು ಮುದುಕರೇ. ಕೊನೆಯ ಬಾರಿ ಹೊರಟವರ ಹಿಂದೆಯೂ ನಾವು ನೀರು ಚೆಲ್ಲುತ್ತೇವೆ. ಆದ್ದರಿಂದ ನಿಷೇಧವನ್ನು ಇಂದೇ ಹಿಂತೆಗೆದುಕೊಳ್ಳಿ, ಬೀದಿಗೆ ಮರಳು ಹಾಕಿಸಿ. ಈ ಪತ್ರವನ್ನು ಅವಳ ಸಾವಿನ ಪ್ರಕಟಣೆಯ ಪಕ್ಕದಲ್ಲೇ ನಿಮ್ಮ ಕಚೇರಿಯ ಬಾಗಿಲಿಗೆ ಅಂಟಿಸಿದ್ದೇನೆ, ನೋಡಲಿಲ್ಲವೆನ್ನಬೇಡಿ. ನೀವು ಏನೂ ಮಾಡದಿದ್ದರೆ, ಅವಳು ಒಳಗಿಟ್ಟ ಆ ಬಕೆಟ್ ಹಿಡಿದು ಪೆಟ್ಟಿಗೆಯ ಮುಂದೆ ಬೂದಿ ಎರಚುತ್ತಾ ನಾನೇ ನಡೆಯುತ್ತೇನೆ.

ಇಂತಿ,
ಕಾನೂನು ಮುರಿಯಲು ತಡಮಾಡಿದ
ದಿಮಾನಾ ವ್ಲೈಕೋವಾ