ಯಾವ ಇಂಜಿನ್ನಿನ ದೀಪ?

ಅಪ್ಪಾ,

ಕೆಮ್ಮು ಪೂರ್ತಿ ಹೋಯಿತು, ಚಿಂತೆ ಬೇಡ. ಗೇಟಿನ ಡ್ಯೂಟಿಗೆ ಹೋಗುವಾಗ ನೀನೂ ಮಫ್ಲರ್ ಸುತ್ತಿಕೋ.

ಇವತ್ತು ಇಲ್ಲಿನ ದೂರದರ್ಶಕದಲ್ಲಿ ತೆಗೆದ ಒಂದು ಚಿತ್ರ ನೋಡಿದೆ. ಮಸುಕಾದ ಒಂದು ಗ್ಯಾಲಕ್ಸಿ, ಅದರ ಅಂಚಿನಲ್ಲಿ ಸಿಡಿದ ಒಂದೇ ಒಂದು ನಕ್ಷತ್ರ. ಕೋಟಿಗಟ್ಟಲೆ ನಕ್ಷತ್ರಗಳು ಸೇರಿ ಬೆಳಗುವಷ್ಟು ಅದೊಂದೇ ಬೆಳಗುತ್ತಿತ್ತು! ಆ ಬೆಳಕು ಹೊರಟಾಗ ಭೂಮಿಯ ಮೇಲೆ ಮನುಷ್ಯರೇ ಇರಲಿಲ್ಲವಂತೆ. ಮೈ ಜುಮ್ಮೆಂದಿತು.

ಇಂಥ ಸಿಡಿತಗಳ ನಿಜವಾದ ಹೊಳಪು ಹೆಚ್ಚುಕಡಿಮೆ ಒಂದೇ, ಹಾಗಾಗಿ ಎಷ್ಟು ಮಂಕಾಗಿ ಕಾಣುತ್ತದೋ ಅಷ್ಟು ದೂರ ಎಂಬುದು ಇಲ್ಲಿಯವರ ಲೆಕ್ಕ. ನಾನು ದೊಡ್ಡ ಜಾಣೆಯಂತೆ ದೂರ ಹೇಳಿಯೇಬಿಟ್ಟೆ. ನನಗೆ ಇಲ್ಲಿ ಕೆಲಸ ಕಲಿಸುವ ಮೇಡಂ ನಕ್ಕರು: "ತಡಿಯಮ್ಮ. ಎಲ್ಲಾ ತಿದ್ದಿ ಲೆಕ್ಕ ಹಾಕಿದ ಮೇಲೂ ದೊಡ್ಡ ಗ್ಯಾಲಕ್ಸೀಲಿ ಸಿಡಿದಿದ್ದು ಚೂರು ಜಾಸ್ತಿ ಹೊಳೆಯುತ್ತೆ, ಚಿಕ್ಕದರಲ್ಲಿ ಚೂರು ಕಮ್ಮಿ. ಅದು ಯಾವುದರಲ್ಲಿತ್ತು, ಮೊದಲು ಅದನ್ನ ನೋಡು."

ತಕ್ಷಣ ನಿನ್ನ ರೈಲ್ವೆ ಗೇಟು ಕಣ್ಣಿಗೆ ಕಟ್ಟಿತು. ಆ ಮಂಜಿನ ಬೆಳಿಗ್ಗೆ ಮಿಣುಕು ದೀಪ ಕಂಡು, ರೈಲು ಇನ್ನೂ ದೂರವಿದೆ ಎಂದು ನಾನು ಹಳಿಗೆ ಕಾಲಿಟ್ಟಿದ್ದೆ. ನೀನು ಜಡೆ ಹಿಡಿದು ಹಿಂದಕ್ಕೆಳೆದೆ: "ಅದು ಹಳೇ ಇಂಜಿನ್ ಕಣೇ, ಅದರ ದೀಪಾನೇ ಮಂಕು!"

ಮೇಡಂ ಎದುರಿಗೇ ಜಡೆ ಮುಟ್ಟಿ ನೋಡಿಕೊಂಡೆ.

ಕಾರ್ಡು ತುಂಬಿತು.
ನಿನ್ನ ಮಗಳು