ಮರಿಗಳಿಗೆ ಫೀಡು ಬದಲಾಯಿಸಿದ್ದು

ಜೂನ್ ೯, ಭಾನುವಾರ

ಪ್ರೀತಿಯ ಸೊಸೆಗೆ,

ನಿನ್ನ ಮಾವ ಮನಸಾರೆ ಮಾಡುವ ಆಶೀರ್ವಾದ. ನಾವಿಬ್ಬರೂ ಚೆನ್ನಾಗಿದ್ದೇವೆ. ನಿನ್ನ ಎರಡು ಕಾಗದ ಬಂದರೂ ಉತ್ತರ ಬರೆಯದೆ ಕೂತಿದ್ದಕ್ಕೆ ಬೈಯಬೇಡ. ಶಾಲೆ ಶುರುವಾಗುವ ಹೊತ್ತು, ಯೂನಿಫಾರಂ ಹೊಲಿಗೆ ಮೆಷಿನ್ ಸುತ್ತ ಗುಡ್ಡೆ ಬಿದ್ದಿತ್ತು. ನೀಲಿ ಲಂಗ, ನೀಲಿ ಚಡ್ಡಿ, ಮತ್ತೆ ನೀಲಿ ಲಂಗ. ಕಣ್ಣು ಮುಚ್ಚಿದರೂ ನೀಲಿಯೇ ಕಾಣುತ್ತಿತ್ತು. ಇದೆಲ್ಲ ನೆಪ ಅಂತ ನಿನ್ನತ್ತೆ ಪಕ್ಕದಲ್ಲಿ ಕೂತು ಹೇಳುತ್ತಿದ್ದಾಳೆ. ಅವಳು ಹೇಳುವುದೂ ಸುಳ್ಳಲ್ಲ. ಹೇಗೆ ಬರೆಯಬೇಕು ಅಂತ ತಿಳಿಯದೆ ತಡವಾಯಿತು.

ಮೊದಲು ಕೋಳಿಮರಿಗಳ ಸುದ್ದಿ. ಹೋದ ಸಲ ರಜೆಗೆ ಬಂದವಳು ಮತ್ತೆ ನರ್ಸಿಂಗ್ ಕಾಲೇಜಿಗೆ ಹೊರಡುವ ಮುಂಚೆ, ನಮಗೆ ಹೊತ್ತು ಹೋಗಲಿ ಅಂತ ತಂದು ಹಿತ್ತಲಲ್ಲಿ ಬಿಟ್ಟೆಯಲ್ಲ, ಅಂಗೈಯಲ್ಲಿ ಹಿಡಿಸುತ್ತಿದ್ದ ಆ ಹಳದಿ ಉಂಡೆಗಳು ಈಗ ಅರೆಬರೆ ಪುಕ್ಕ ಬಂದು, ಕಾಲು ಉದ್ದವಾಗಿ, ಅಳತೆ ತಪ್ಪಿದ ಗಿಡ್ಡ ಪ್ಯಾಂಟು ಹಾಕಿಕೊಂಡ ಹುಡುಗರ ಹಾಗೆ ಓಡಾಡುತ್ತಿವೆ. ಒಂದಕ್ಕೆ ಈಗಲೇ ಜುಟ್ಟು ಕೆಂಪಾಗಿದೆ. ಎದೆ ಮುಂದೆ ಮಾಡಿಕೊಂಡು ನಡೆಯುತ್ತದೆ. ನಿನ್ನತ್ತೆ ಅದಕ್ಕೆ ಇನ್ಸ್‌ಪೆಕ್ಟರ್ ಅಂತ ಹೆಸರಿಟ್ಟಿದ್ದಾಳೆ.

ಹೋದ ತಿಂಗಳು ಮರಿಗಳ ಫೀಡು ಮುಗಿಯಿತು. ಅಂಗಡಿಯವನು, ದೊಡ್ಡವಾದವಲ್ಲ, ಇನ್ನು ಬೆಳೆಯುವ ಕೋಳಿಗೆ ಹಾಕುವುದನ್ನೇ ಹಾಕಿ ಅಂತ ಬೇರೆ ಚೀಲ ಕೊಟ್ಟ. ನಾನು ಹಿಂದೆ ಮುಂದೆ ನೋಡದೆ ತಟ್ಟೆ ತುಂಬ ಸುರಿದೆ. ಹಳೆಯದು ಹಿಟ್ಟಿನ ಹಾಗೆ ನುಣ್ಣಗಿತ್ತು, ಇದು ದಪ್ಪ ನುಚ್ಚು. ಮರಿಗಳು ಓಡಿ ಬಂದವು, ಕೊಕ್ಕಿನಲ್ಲಿ ಎತ್ತಿದವು, ಬಿಸಾಕಿದವು, ನನ್ನ ಮುಖ ನೋಡಿದವು. ಹಸಿವಾದರೆ ತಾವೇ ತಿನ್ನುತ್ತವೆ ಬಿಡು ಅಂದೆ. ಹಸಿವಾಯಿತು, ತಿಂದವು, ಮಾರನೆಯ ದಿನ ಹೊಟ್ಟೆ ಕೆಟ್ಟಿತು. ರೆಕ್ಕೆ ಜೋಲು ಬಿಟ್ಟು ಮೂಲೆಯಲ್ಲಿ ಒಂದಕ್ಕೊಂದು ಒತ್ತಿಕೊಂಡು ನಿಂತವು. ಇನ್ಸ್‌ಪೆಕ್ಟರನೂ ತಲೆ ತಗ್ಗಿಸಿಬಿಟ್ಟ. ಒಂದು ಮರಿ ಅಂದೇ ಹೋಯಿತು.

ನಿನ್ನತ್ತೆ, ಸೊಸೆ ನಂಬಿ ಬಿಟ್ಟು ಹೋದದ್ದನ್ನೂ ಉಳಿಸಿಕೊಳ್ಳದಿದ್ದರೆ ಯಾವ ಮುಖ ಇಟ್ಟುಕೊಂಡು ಮಾತಾಡೋದು ಅಂತ ಗೊಣಗುತ್ತಾ ನನ್ನನ್ನು ದನದ ಆಸ್ಪತ್ರೆಗೆ ಅಟ್ಟಿದಳು. ಡಾಕ್ಟರು ರಜೆ. ಕಂಪೌಂಡರ್ ಇದ್ದ. ನೀನು ಕೆಲಸ ಮಾಡುತ್ತಿದ್ದ ಔಷಧಿ ಅಂಗಡಿಯ ಎದುರೇ ಆ ಆಸ್ಪತ್ರೆ, ಅವನು ನಿನಗೆ ಗೊತ್ತು. ಎತ್ತರದವನು, ಬಾಗಿಲು ಎಷ್ಟೇ ದೊಡ್ಡದಿದ್ದರೂ ತಲೆ ಬಗ್ಗಿಸಿಯೇ ಬರುವವನು. ನಾನು ಹೇಳಿ ಮುಗಿಸುವ ಮೊದಲೇ ಸೈಕಲ್ ತೆಗೆದ.

ಬಂದವನು ಮರಿಗಳನ್ನು ಒಂದೊಂದಾಗಿ ಎತ್ತಿ ನೋಡಿದ. ರೋಗ ಏನೂ ಇಲ್ಲ, ಒಮ್ಮೆಗೇ ಬದಲಾಯಿಸಿದ್ದಕ್ಕೆ ಹೊಟ್ಟೆ ಒಪ್ಪಿಲ್ಲ ಅಂದ. ಹಳೆಯ ಫೀಡನ್ನೇ ಮತ್ತೆ ತಂದು, ಅದರ ಮೂರು ಪಾಲಿಗೆ ಹೊಸದು ಒಂದು ಪಾಲು ಬೆರೆಸಬೇಕು, ಹೊಂದಿಕೊಂಡ ಮೇಲೆ ಅರ್ಧಕ್ಕರ್ಧ, ಆಮೇಲೆ ಹೊಸದೇ ಜಾಸ್ತಿ. ನೀರು ಸದಾ ಇರಬೇಕು, ಕೆಳಗೆ ಹರಡಿದ ಹೊಟ್ಟು ಒದ್ದೆಯಾಗಬಾರದು. ಇಷ್ಟು ಹೇಳಿ ಅವನು ಹೋಗಬಹುದಿತ್ತು. ಹೋಗದೆ ತಾನೇ ಒದ್ದೆ ಹೊಟ್ಟು ಗುಡಿಸಿ ಒಣಗಿದ್ದನ್ನು ಹರಡಿದ. ಆಮೇಲೆ ದಿನಾ ಕೆಲಸ ಮುಗಿಸಿ ಈ ಕಡೆ ಬಂದು ನೋಡಿಕೊಂಡು ಹೋಗುತ್ತಿದ್ದ. ಮರಿಗಳು ಚೇತರಿಸಿಕೊಂಡವು. ಈಗ ಹೊಸದನ್ನು ತಟ್ಟೆಯಲ್ಲಿ ಒಂದು ಚೂರೂ ಬಿಡುವುದಿಲ್ಲ.

ಇನ್ನು ನಾನು ಬರೆಯಲು ಹಿಂಜರಿದ ವಿಷಯ. ಒಂದು ಸಂಜೆ ಕಾಫಿ ಕುಡಿಯುತ್ತಾ ಕೂತಿದ್ದಾಗ ನಿನ್ನತ್ತೆ, ಪರೀಕ್ಷೆ ಮುಗಿಸಿ ಸೊಸೆ ಈ ತಿಂಗಳು ಬರುತ್ತಾಳೆ, ಮರಿಗಳನ್ನು ನೋಡಿ ಖುಷಿಪಡುತ್ತಾಳೆ ಅಂದಳು. ಅವನು ಬಾಯಿಂದ ಲೋಟ ತೆಗೆದು, ಇಲ್ಲಮ್ಮ, ಪರೀಕ್ಷೆ ಮುಂದಕ್ಕೆ ಹೋಗಿದೆಯಂತೆ ಅಂದುಬಿಟ್ಟ. ಆ ಸುದ್ದಿ ನಮಗಿನ್ನೂ ಬಂದಿರಲಿಲ್ಲ. ನಾನು ಪೆದ್ದನ ಹಾಗೆ ಹೌದಾ ಅಂದೆ. ನಿನ್ನತ್ತೆ ಲೋಟ ಕೆಳಗಿಟ್ಟಳು. ‘ಅಂತೆ’ ಅಂದರೆ ಯಾರಂದರು ಅಂತ ಕೇಳಿದಳು.

ಅವನ ಕಿವಿ ಇನ್ಸ್‌ಪೆಕ್ಟರನ ಜುಟ್ಟಿಗಿಂತ ಕೆಂಪಾಯಿತು. ಸುಳ್ಳು ಹೇಳಲು ಬರದ ಮನುಷ್ಯ. ನೀವಿಬ್ಬರೂ ಕಾಗದ ಬರೆದುಕೊಳ್ಳುತ್ತಿರುವುದು, ಅವನು ಮದುವೆಯ ಮಾತೆತ್ತಿದ್ದು, ಇಷ್ಟವಿದ್ದರೂ ನೀನು ಬೇಡ ಅಂದದ್ದು, ಎಲ್ಲವನ್ನೂ ನೆಲ ನೋಡುತ್ತಾ ಹೇಳಿದ. ಯಾಕೆ ಬೇಡ ಅಂದಳು ಅಂತ ನಾನು ಕೇಳಿದೆ.

“ಮಗನನ್ನ ಕಳಕೊಂಡ ಮನೆ, ನಾನೂ ಹೋದ್ರೆ ಅವರಿಗೆ ಯಾರಿದಾರೆ ಅಂತಾರೆ,” ಅಂದ.

ನಿನ್ನತ್ತೆ ಎದ್ದು ಒಳಗೆ ಹೋದಳು. ಅವನು ಲೋಟ ತೊಳೆದಿಟ್ಟು ಹೊರಟುಹೋದ. ನನಗೆ ಮೊದಲು ಬಂದದ್ದು ಸಿಟ್ಟು, ತಾಯಿ. ನನ್ನ ಮಗನ ಹೆಂಡತಿಯನ್ನು ಕೇಳಲು ಇವನ್ಯಾರು ಅನ್ನಿಸಿತು. ಮಗ ಹೋದಾಗಿನಿಂದ ಒಂದು ಸಿಟ್ಟು ಯಾರ ಮೇಲೆ ಹಾಕಬೇಕೋ ತಿಳಿಯದೆ ಒಳಗೇ ಇತ್ತು, ಈ ಬಡಪಾಯಿ ಕೈಗೆ ಸಿಕ್ಕಿದ, ಅಷ್ಟೆ.

ಆಮೇಲೆ ಅವನು ಈ ಕಡೆ ತಲೆ ಹಾಕಲಿಲ್ಲ. ಸಂಜೆಯಾದರೆ ನಿನ್ನತ್ತೆ ಗೇಟಿನ ಕಡೆ ಒಮ್ಮೆ ನೋಡುತ್ತಿದ್ದಳು, ನಾನು ನೋಡಿದರೆ ಮುಖ ತಿರುಗಿಸುತ್ತಿದ್ದಳು. ಒಂದು ಬೆಳಿಗ್ಗೆ ಹಿತ್ತಲಲ್ಲಿ ಫೀಡು ಬೆರೆಸುತ್ತಾ ಕೂತವಳು ತಲೆ ಎತ್ತದೆ ಹೇಳಿದಳು:

“ಸತ್ತವನು ನಮ್ಮ ಮಗ. ಅವಳಲ್ಲ. ಹೋಗಿ ಅವನನ್ನ ಊಟಕ್ಕೆ ಕರೀರಿ.”

ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ಹೋದೆ. ಅವನು ಆಸ್ಪತ್ರೆಯ ಮುಂದೆ ಒಂದು ಕರುವಿಗೆ ಔಷಧಿ ಕುಡಿಸುತ್ತಿದ್ದ. ಅದು ಮುಗಿಯುವ ತನಕ ಕಾದೆ. ಆಮೇಲೆ, ಹುಡುಗಿಗೆ ತಂದೆ ಇಲ್ಲ, ಆ ಜಾಗದಲ್ಲಿ ನಾನಿದ್ದೇನೆ, ನನ್ನ ಒಪ್ಪಿಗೆ ಇದೆ, ಮನೆಗೆ ಊಟಕ್ಕೆ ಬಾ ಅಂದೆ. ಅವನು ಔಷಧಿ ಮೆತ್ತಿದ ಕೈಯಲ್ಲೇ ನನ್ನ ಕೈ ಹಿಡಿದುಕೊಂಡು ನಿಂತ. ಕರು ಅವನ ಅಂಗಿಯ ತುದಿ ಅಗಿಯುತ್ತಿತ್ತು, ಇಬ್ಬರಿಗೂ ಅದು ಕಾಣಲಿಲ್ಲ.

ಈಗ ಮಾತು ನಿನ್ನದು. ಮನಸ್ಸಿಲ್ಲದಿದ್ದರೆ ಬೇರೆ ವಿಷಯ. ಆದರೆ ನಮ್ಮನ್ನು ಮುಂದಿಟ್ಟುಕೊಂಡು ಬೇಡ ಅನ್ನಬೇಡ. ನಾನು ಹೊಲಿಯುತ್ತೇನೆ, ಅವಳು ಬೈಯುತ್ತಾಳೆ, ಮನೆ ನಡೆಯುತ್ತದೆ. ನಿನ್ನ ರವಿಕೆ ಹೊಲಿಯಲು ಬೇರೆ ಟೈಲರ್ ಹತ್ತಿರ ಹೋದರೆ ಮಾತ್ರ ನಾನು ಸುಮ್ಮನಿರುವವನಲ್ಲ.

ಪರೀಕ್ಷೆಗೆ ಚೆನ್ನಾಗಿ ಓದು. ನಿದ್ದೆಗೆಡಬೇಡ. ನೀನು ಕಾಲಿಟ್ಟ ಕಡೆಯಲ್ಲೆಲ್ಲ ನೆಮ್ಮದಿ ಇರಲಿ, ನಗುನಗುತ್ತಾ ಬಾಳು.

ಇಂತಿ,
ನಿನ್ನ ಮಾವ

ಮತ್ತೊಂದು ಮಾತು: ನಿನ್ನತ್ತೆ ಮರಿಗಳಿಗೆ ನೀರಿಡಲು ಎದ್ದು ಹೋದಳು, ಅದಕ್ಕೇ ಇದನ್ನು ಈಗ ಬರೆಯುತ್ತಿದ್ದೇನೆ. ಕಂಪೌಂಡರ್ ಊಟ ಮಾಡಿ ಹೋದ ಮೇಲೆ ಅವಳು ಪಾತ್ರೆ ತೊಳೆಯುತ್ತಿದ್ದವಳು ಕೈ ನಿಲ್ಲಿಸಿ ಕೇಳಿದಳು, “ನಾಳೆ ಅವಳಿಗೊಂದು ಮಗು ಆದ್ರೆ, ಅದು ನಮ್ಮನ್ನ ಏನಂತ ಕರೀಬೇಕು?” ನಾನು ಒರೆಸಿಟ್ಟ ಲೋಟವನ್ನೇ ಮತ್ತೆ ಎತ್ತಿಕೊಂಡು ಒರೆಸಿದೆ. ಉತ್ತರ ನಿನಗೆ ಗೊತ್ತಿದ್ದರೆ, ನನಗಲ್ಲ, ಅವಳಿಗೆ ಒಂದು ಕಾಗದ ಬರಿ.